ತೋಡಿಗೆ ಹೋದ ಮಾತ್ರೆಗಳು

ಪ್ರಥಮ ಪಿಯುಸಿ ಜೀವಶಾಸ್ತ್ರದ ಕೊನೆಯ ಪಾಠ ಹಾರ್ಮೋನುಗಳದ್ದು. ಪರೀಕ್ಷೆ ಹತ್ತಿರ ಬಂದಾಗ ಅವಸರದಲ್ಲಿ ಮುಗಿಯುವ ಪಾಠ. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯ ಚಿತ್ರ ಬಿಡಿಸಿ, "ಕಾರ್ಟಿಸೋಲ್ ಉರಿಯೂತವನ್ನು ತಗ್ಗಿಸುತ್ತದೆ, ರೋಗನಿರೋಧಕ ಪ್ರತಿಕ್ರಿಯೆಯನ್ನು ಅಡಗಿಸುತ್ತದೆ" ಎಂದು ಮಿಸ್ ಬೋರ್ಡಿನಲ್ಲಿ ಬರೆದರು. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಪಕ್ಕದ ಗೆಳತಿ "ಎಂತಾಯ್ತು ಮಾರಾಯ್ತಿ?" ಎಂದು ಕೇಳಿದಳು. ಎಂತ ಇಲ್ಲ ಅಂದೆ. ಅವತ್ತು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ. ತಮ್ಮನ ಒಪ್ಪಿಗೆ ಕೇಳಿಯೇ ಬರೆದದ್ದು. ಹೆಸರು ಹಾಕಬಾರದು ಎಂಬುದು ಅವನ ಷರತ್ತು.

ನಮ್ಮ ಮನೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಲ್ಲಿ, ವಗ್ಗ ದಾಟಿ ಪುಂಜಾಲಕಟ್ಟೆಗೆ ಮುಂಚೆ ಒಳಗೆ ಹೋಗಬೇಕು. ಮನೆಯ ಹಿಂದೆ ತೋಟ, ತೋಟದ ಬದಿಯಲ್ಲಿ ಒಂದು ತೋಡು. ಬಾಪ ಸೌದಿಯಲ್ಲಿದ್ದರು. ಉಮ್ಮ ಬೀಡಿ ಕಟ್ಟುತ್ತಿದ್ದರು. ಆಗ ನಾನು ಆರನೇ ಕ್ಲಾಸು, ತಮ್ಮ ಒಂದನೇ ಕ್ಲಾಸು.

ಶಾಲೆ ಶುರುವಾದ ಜೂನ್ ತಿಂಗಳಲ್ಲೇ ಬೆಳಿಗ್ಗೆ ಏಳುವಾಗ ಅವನ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಸೊಳ್ಳೆ ಕಚ್ಚಿದ್ದಿರಬೇಕು ಎಂದರು ಅಜ್ಜಿ. ಅಲರ್ಜಿ ಎಂದು ಮೆಡಿಕಲ್‌ನಿಂದ ತಂದ ಸಿರಪ್ ಒಂದು ವಾರ ಕುಡಿಸಿದೆವು. ಮತ್ತೆ ಹೊಟ್ಟೆ ಉಬ್ಬಿತು, ಚಡ್ಡಿಯ ಇಲಾಸ್ಟಿಕ್ ಸೊಂಟದಲ್ಲಿ ಆಳವಾದ ಗೆರೆ ಎಳೆಯಿತು, ಮೂತ್ರ ಸಾಬೂನಿನ ನೊರೆಯ ಹಾಗೆ ಆಯಿತು. ಬೆಳ್ತಂಗಡಿಯ ಲ್ಯಾಬಿನಲ್ಲಿ ಗಾಜಿನ ನಳಿಗೆಯೊಳಗೆ ಅವನ ಮೂತ್ರ ಹಾಕಿ ಎಂತದೋ ನಾಲ್ಕು ಹನಿ ಬಿಟ್ಟರು. ಅದು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಅದು ಮೂತ್ರದಲ್ಲಿ ಹೋಗುತ್ತಿದ್ದ ಪ್ರೋಟೀನ್. ಅದೇ ದಿನ ಮಂಗಳೂರಿಗೆ ಹೋಗಲು ಹೇಳಿದರು.

ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್. ಉಮ್ಮ ಅದನ್ನು ಇವತ್ತಿಗೂ 'ನೆಪ್ರೋ' ಅನ್ನುತ್ತಾರೆ. ಹೆಚ್ಚಾಗಿ ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಶುರುವಾಗುತ್ತದೆ. ಮೂತ್ರಪಿಂಡದ ಜರಡಿ ಸೋರಲು ಶುರುವಾಗಿ ರಕ್ತದ ಪ್ರೋಟೀನು ಹೊರಗೆ ಹೋಗುತ್ತದೆ, ನೀರು ಮೈಯಲ್ಲಿ ನಿಲ್ಲುತ್ತದೆ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿಗೆ ಸ್ಟಿರಾಯ್ಡ್ ಮಾತ್ರೆಯಿಂದ ಇದು ನಿಲ್ಲುತ್ತದೆ. ಆದರೆ ಅವರಲ್ಲಿ ಬಹಳ ಮಂದಿಗೆ ಮತ್ತೆ ಮತ್ತೆ ಮರುಕಳಿಸುತ್ತದೆ. ಮಾತ್ರೆಯ ಹೆಸರು ಪ್ರೆಡ್ನಿಸೊಲೋನ್. ತೂಕದ ಪ್ರತಿ ಕಿಲೋಗೆ ದಿನಕ್ಕೆ 2 ಮಿಲಿಗ್ರಾಂ ಲೆಕ್ಕ. ನೀರು ಬಿಟ್ಟು ತಮ್ಮ 18 ಕಿಲೋ ಇದ್ದ. ಹತ್ತರ ಮೂರು, ಐದರ ಒಂದು, ಬೆಳಿಗ್ಗೆ ತಿಂಡಿಯಾದ ಮೇಲೆ. ಆರು ವಾರ ದಿನಾ, ಮತ್ತೆ ಆರು ವಾರ ಕಡಿಮೆ ಡೋಸಿನಲ್ಲಿ ದಿನ ಬಿಟ್ಟು ದಿನ. ಮಾತ್ರೆ ಕಹಿ. ಬಾಳೆಹಣ್ಣಿನೊಳಗೆ ಅಡಗಿಸಿ ಕೊಡುವ ಕೆಲಸ ನನ್ನದು, ಯಾಕೆಂದರೆ ಆ ಹೊತ್ತಿಗೆ ಉಮ್ಮ ಕಟ್ಟಿದ ಬೀಡಿ ಹಿಡಿದುಕೊಂಡು ಬ್ರಾಂಚಿಗೆ ಹೋಗಬೇಕಿತ್ತು.

ಹತ್ತು ದಿನದಲ್ಲಿ ಊತ ಇಳಿಯಿತು. ನೊರೆ ಹೋಯಿತು. ಅಜ್ಜಿ ಹರಕೆ ತೀರಿಸಿದರು. ಮೂರನೇ ವಾರಕ್ಕೆ ಮುಖ ಮತ್ತೆ ಊದಲು ಶುರುವಾಯಿತು.

ಈ ಎರಡು ಊತಗಳ ವ್ಯತ್ಯಾಸ ನಮಗೆ ಯಾರೂ ಹೇಳಿರಲಿಲ್ಲ. ಮೊದಲನೆಯದು ಕಾಯಿಲೆಯದ್ದು, ನೀರು ತುಂಬಿದ್ದು. ಎರಡನೆಯದು ಮದ್ದಿನದ್ದು, ಕೊಬ್ಬು ಕೆನ್ನೆಗೂ ಹೊಟ್ಟೆಗೂ ಬಂದು ಕೂರುವುದು. ಒಂದು ಬಂದರೆ ಆಸ್ಪತ್ರೆಗೆ ಓಡಬೇಕು, ಇನ್ನೊಂದು ಬಂದರೆ ತಾಳ್ಮೆ ಇರಬೇಕು. ನೋಡುವವರ ಕಣ್ಣಿಗೆ ಎರಡೂ ಒಂದೇ. ಮಾತ್ರೆ ಬರೆದು ಕೊಟ್ಟ ದಿನ ಹೊರಗೆ ಉದ್ದ ಸಾಲಿತ್ತು. ನಮಗೆ ಸಿಕ್ಕಿದ್ದು ಐದು ನಿಮಿಷ. ಆ ಐದು ನಿಮಿಷದಲ್ಲಿ "ಮುಖ ದುಂಡಗಾಗ್ತದೆ, ಹೆದರಬೇಡಿ, ಮದ್ದು ಮುಗಿದ ಮೇಲೆ ಇಳೀತದೆ" ಎಂಬ ಒಂದು ಮಾತು ಹಿಡಿಯುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮುಖ ಮಾತ್ರ ಅಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅನ್ನ ಕೇಳುತ್ತಿದ್ದ. ಕೊಡದಿದ್ದರೆ ಪಾತ್ರೆ ಎಸೆಯುತ್ತಿದ್ದ. ಒಮ್ಮೆ ನನ್ನ ಕೈ ಕಚ್ಚಿದ. ಇರುವೆಯನ್ನೂ ತುಳಿಯದ ಹುಡುಗ! ಹಣೆಯಲ್ಲೂ ಬೆನ್ನಲ್ಲೂ ಕೂದಲು ಬಂತು. ಮದ್ರಸದಲ್ಲಿ ಅವನಿಗೆ 'ಬಲೂನ್' ಎಂದು ಹೆಸರಿಟ್ಟರು. ಬಾಪ ವೀಡಿಯೋ ಕಾಲ್ ಮಾಡಿದಾಗ ಒಂದು ಕ್ಷಣ ಸುಮ್ಮನಾಗಿ ಆಮೇಲೆ ನಕ್ಕರು. ಅವರು ಸುಮ್ಮನಾದದ್ದನ್ನು ತಮ್ಮ ನೋಡಿದ. ಆಮೇಲೆ ಫೋನಿನ ಮುಂದೆ ಬರಲಿಲ್ಲ.

ಅದೇ ಸಮಯಕ್ಕೆ ಮೂಡುಬಿದಿರೆಯಲ್ಲಿ ಸಂಬಂಧಿಕರ ಮನೆಯಲ್ಲಿ ನಿಕಾಹ್ ಇತ್ತು. ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಹೋದೆವು. ಊಟದ ಹೊತ್ತಿಗೆ ಹೆಂಗಸರೆಲ್ಲ ತಮ್ಮನ ಸುತ್ತ ಸೇರಿ, ಇದು ಸ್ಟಿರಾಯ್ಡ್, ಇದನ್ನು ಕೊಟ್ಟರೆ ಇರುವ ಕಿಡ್ನಿಯೂ ಹೋಗುತ್ತದೆ, ಎತ್ತರ ಬೆಳೆಯುವುದಿಲ್ಲ, ಬಿಡಿಸಿಬಿಡಿ ಎಂದರು. ಒಬ್ಬರು ಮೊಬೈಲಿನಲ್ಲಿ ವೀಡಿಯೋ ತೋರಿಸಿದರು. ಉಮ್ಮ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ತಮ್ಮ ನನ್ನ ಕಿವಿಯಲ್ಲಿ ಕೇಳಿದ: "ನಾಳೆ ಮಾತ್ರೆ ಬೇಡ, ಆಗದಾ?"

ಮರುದಿನದಿಂದ ನಾನು ಬಾಳೆಹಣ್ಣು ಮಾತ್ರ ಕೊಟ್ಟೆ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ತೆಗೆದು ತೋಡಿಗೆ ಹಾಕಿದೆ. ಆಗಸ್ಟ್‌ನ ಮಳೆ, ತೋಡು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಖಾಲಿ ಸ್ಟ್ರಿಪ್ ಉಮ್ಮನಿಗೆ ಲೆಕ್ಕಕ್ಕೆ ಸಿಗುತ್ತಿತ್ತು. ಹೀಗೆ ಒಂಬತ್ತು ದಿನ. ನನಗೆ ಹನ್ನೊಂದು ವರ್ಷ. ತಮ್ಮನನ್ನು ಉಳಿಸುತ್ತಿದ್ದೇನೆ ಎಂದೇ ನಂಬಿದ್ದೆ.

ಒಂಬತ್ತನೇ ದಿನ ಅವನಿಗೆ ಜ್ವರ ಬಂತು. ಶಾಲೆಯಲ್ಲಿ ಎಲ್ಲರಿಗೂ ಬರುತ್ತಿದ್ದ ಮಳೆಗಾಲದ ಜ್ವರವೇ. ಉಳಿದ ಮಕ್ಕಳು ಎರಡು ದಿನ ಮಲಗಿ ಎದ್ದರು. ಇವನು ಸಂಜೆಯೊಳಗೆ ಆರೇಳು ಸಲ ವಾಂತಿ ಮಾಡಿದ. ಮೈ ತಣ್ಣಗಾಯಿತು, ಬೆವರಿತು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದ. ಬಿ.ಸಿ. ರೋಡಿನವರೆಗೆ ರಿಕ್ಷಾ, ಅಲ್ಲಿಂದ ಮಂಗಳೂರಿಗೆ ಆಂಬ್ಯುಲೆನ್ಸ್. ಬಿಪಿ ಇಳಿದಿದೆ, ಸಕ್ಕರೆ ಇಳಿದಿದೆ ಎಂದು ಓಡಾಡಿದರು. ಡ್ರಿಪ್ಪಿನಲ್ಲಿ ಏನೋ ಇಂಜೆಕ್ಷನ್ ಕೊಟ್ಟರು. ಅದು ಹೈಡ್ರೋಕಾರ್ಟಿಸೋನ್, ಅಂದರೆ ನಾನು ತೋಡಿಗೆ ಹಾಕಿದ್ದೇ ಇನ್ನೊಂದು ರೂಪದಲ್ಲಿ ಎಂದು ಆಮೇಲೆ ಗೊತ್ತಾಯಿತು.

ಮರುದಿನ ಡಾಕ್ಟರಮ್ಮ ಬಂದು ಉಮ್ಮನನ್ನು ಕೇಳಿದರು, ಮಾತ್ರೆ ತಪ್ಪಿದ್ದುಂಟಾ? ಉಮ್ಮ ಖಾಲಿ ಸ್ಟ್ರಿಪ್ ತೋರಿಸಿ, ಇಲ್ಲ, ಇವಳೇ ದಿನಾ ಕೊಡುವುದು ಎಂದರು. ನನ್ನನ್ನು ಕೇಳಿದರು. ನಾನೂ ಇಲ್ಲ ಎಂದೆ. ಡಾಕ್ಟರಮ್ಮ ಫೈಲ್ ನೋಡುತ್ತಾ, ಮಾತ್ರೆ ಸರಿಯಾಗಿ ತಗೊಂಡೂ ಪ್ರೋಟೀನು ಮೂರು ಪ್ಲಸ್ ಹೋಗ್ತಾ ಉಂಟು, ಇದು ಮದ್ದಿಗೆ ಬಗ್ಗದ ನಮೂನೆಯೇನೋ, ಹಾಗಿದ್ದರೆ ಮೂತ್ರಪಿಂಡದಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಬೇಕಾದೀತು, ಇನ್ನೂ ಜೋರಿನ ಮದ್ದು ಬೇಕಾದೀತು ಎಂದರು.

ಆ ರಾತ್ರಿ ವಾರ್ಡಿನ ಹೊರಗೆ ಉಮ್ಮ ಬಾಪನ ಹತ್ತಿರ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬಳೆ ಮಾರುವ ಮಾತು. ರಜೆ ಸಿಗದಿದ್ದರೆ ಕೆಲಸ ಬಿಟ್ಟು ಬರುವ ಮಾತು. ಬೆಳಿಗ್ಗೆ ಡಾಕ್ಟರಮ್ಮ ರೌಂಡ್ಸ್‌ಗೆ ಬಂದಾಗ ಅವರ ಹಿಂದೆಯೇ ಮೆಟ್ಟಿಲವರೆಗೆ ಹೋಗಿ ಹೇಳಿಬಿಟ್ಟೆ. ಎಷ್ಟು ದಿನ ಎಂದು ಕೇಳಿದರು. ಒಂಬತ್ತು ಅಂದೆ. ಅವರು ಅಲ್ಲೇ ಮೆಟ್ಟಿಲಲ್ಲಿ ಕೂತರು.

ಅವರು ಬೈಯಲಿಲ್ಲ. "ನಿಮ್ಮ ಮನೆಗೆ ದಿನಾ ಹೊರಗಿಂದ ಅನ್ನ ಬಂದರೆ ಒಲೆ ಯಾರು ಹೊತ್ತಿಸ್ತಾರೆ? ಸೌದೆ ಒದ್ದೆಯಾಗ್ತದೆ. ಒಂದು ದಿನ ಅನ್ನ ಬರಲೇ ಇಲ್ಲ, ಅದೇ ದಿನ ನೆಂಟರೂ ಬಂದರು. ಏನು ಮಾಡ್ತೀ?" ಎಂದು ಕೇಳಿದರು. ಆ ಒಲೆಯೇ ಅಡ್ರಿನಲ್ ಗ್ರಂಥಿ ಎಂದು ಅರ್ಥವಾಗಲು ನನಗೆ ಪಿಯುಸಿ ಬೇಕಾಯಿತು. ಮಾತ್ರೆಯ ಕಾರ್ಟಿಸೋಲಿನಂಥ ವಸ್ತು ಕೆಲವು ವಾರ ರಕ್ತದಲ್ಲಿ ತುಂಬಿದ್ದರೆ, ಸಾಕಷ್ಟು ಉಂಟು ಎಂದು ಮೆದುಳಿನ ಬುಡದ ಪಿಟ್ಯುಟರಿ ಆದೇಶ ಕಳಿಸುವುದನ್ನು ನಿಲ್ಲಿಸುತ್ತದೆ. ಗ್ರಂಥಿ ನಿದ್ದೆಹೋಗುತ್ತದೆ. ಥಟ್ಟನೆ ಮಾತ್ರೆ ನಿಲ್ಲಿಸಿದರೆ ಅದು ಏಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆ ನಡುವೆ ಬಂದ ಜ್ವರವೇ ಆ ನೆಂಟರು. ಅದಕ್ಕೇ ಈ ಮದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು.

ಬಯಾಪ್ಸಿಯ ಮಾತು ಅಲ್ಲಿಗೆ ನಿಂತಿತು. ಮಾತ್ರೆ ಮತ್ತೆ ಶುರುವಾದ ಮೇಲೆ ಎರಡು ವಾರದಲ್ಲಿ ಪ್ರೋಟೀನು ನಿಂತಿತು. ತಮ್ಮನದು ಮದ್ದಿಗೆ ಬಗ್ಗುವ ನಮೂನೆಯೇ ಆಗಿತ್ತು. ಉಮ್ಮ ಅವತ್ತು ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನದಿಂದ ಬೀಡಿ ಬ್ರಾಂಚಿಗೆ ಹೋಗುವುದನ್ನು ಅರ್ಧ ಗಂಟೆ ತಡ ಮಾಡಿ, ಮಾತ್ರೆ ಅವರೇ ಕೊಟ್ಟರು.

ಡಾಕ್ಟರಮ್ಮ ಒಂದು ಚಿಕ್ಕ ಪುಸ್ತಕ ಕೊಟ್ಟು ದಿನಾ ಬರೆಯಲು ಹೇಳಿದರು. ಅದು ನನ್ನ ಕೆಲಸವಾಯಿತು. ಬೆಳಿಗ್ಗೆಯ ಮೂತ್ರಕ್ಕೆ ಬಣ್ಣದ ಪಟ್ಟಿ ಅದ್ದಿ ನೋಡುವುದು. ಹಳದಿಯೇ ಇದ್ದರೆ ಇಲ್ಲ, ಹಸಿರಾದರೆ ಉಂಟು. ಮೂರು ದಿನ ಸತತವಾಗಿ ಗಾಢ ಹಸಿರು ಬಂದರೆ ಫೋನ್ ಮಾಡಬೇಕು. ಮೂರು ವರ್ಷದಲ್ಲಿ ಹಾಗೆ ನಾಲ್ಕು ಸಲ ಫೋನ್ ಮಾಡಿದೆವು, ಮೂರು ಸಲ ನೆಗಡಿಯ ಹಿಂದೆಯೇ ಬಂದದ್ದು. ಸ್ಟಿರಾಯ್ಡ್ ಕಡಿಮೆ ಮಾಡಲು ಲೆವಾಮಿಸೋಲ್ ಕೊಟ್ಟರು. ಅದು ಹೊಟ್ಟೆಹುಳದ ಮದ್ದು, ದನಗಳಿಗೂ ಕೊಡುತ್ತಾರೆ. ಅಜ್ಜಿಗೆ ಅದು ಬಹಳ ಇಷ್ಟವಾಯಿತು, ಹುಳದ ಮದ್ದು ಅಂದರೆ ಅವರಿಗೆ ನಂಬಿಕೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಸ್ಟಿರಾಯ್ಡಿನಿಂದ ಮಕ್ಕಳಿಗೂ ಪೊರೆ ಬರುವುದುಂಟಂತೆ. ಅವನ ಕ್ಲಾಸಿನಲ್ಲಿ ಒಬ್ಬನಿಗೆ ಚಿಕನ್‌ಪಾಕ್ಸ್ ಎಂದು ಕೇಳಿದ ದಿನವೇ ಡಾಕ್ಟರಿಗೆ ಹೇಳಬೇಕಾಯಿತು. ಬೇರೆ ಮಕ್ಕಳಿಗೆ ತುರಿಕೆ ಬಂದು ಹೋಗುವ ಕಾಯಿಲೆ, ಹೆಚ್ಚು ಡೋಸಿನಲ್ಲಿರುವ ಮಗುವಿಗೆ ಪ್ರಾಣಾಪಾಯ.

ಲೈಬ್ರರಿಯಲ್ಲಿ ಓದಿದ ಒಂದು ಸಂಗತಿ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಆದರೆ ದೇಹದಲ್ಲಿ ಕಾರ್ಟಿಸೋಲ್ ಹೆಚ್ಚಾದಾಗ ಬರುವ ಆ ದುಂಡು ಮುಖ ವೈದ್ಯರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಹಾರ್ವೆ ಕುಶಿಂಗ್ ಅದನ್ನು ವಿವರಿಸಿ ಬರೆದದ್ದು 1932ರಲ್ಲಿ. ಅಂದರೆ ಮದರಸದ ಮಕ್ಕಳು 'ಬಲೂನ್' ಎಂದು ಕರೆದದ್ದಕ್ಕೆ ಪುಸ್ತಕದಲ್ಲಿ ಹೆಸರಿತ್ತು, ನಮ್ಮ ಮನೆಗೆ ಬಂದು ಮುಟ್ಟಿರಲಿಲ್ಲ ಅಷ್ಟೆ.

ಈಗ ಸ್ಟಿರಾಯ್ಡ್ ಎಂಬ ಶಬ್ದ ಕೇಳಿದರೆ ನಾನು ನಿಂತು ಕೇಳುತ್ತೇನೆ. ನಮ್ಮ ಬಸ್ಸಿನಲ್ಲಿ ಬರುವ ಒಬ್ಬಳು ತಂಗಿಯ ಅಸ್ತಮಾದ ಇನ್‌ಹೇಲರ್ ಬಿಡಿಸಿದ್ದೇವೆ, ಅದರಲ್ಲಿ ಸ್ಟಿರಾಯ್ಡ್ ಉಂಟಲ್ಲ ಎಂದಳು. ಡಬ್ಬದ ಮೇಲೆ ಓದಿ ನೋಡಿದೆವು: ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಎರಡೂ ಒಂದೇ ಔಷಧವಲ್ಲ, ಆದರೂ ತೂಕದ ಲೆಕ್ಕದಲ್ಲಿ ತಮ್ಮ ಒಂದು ಬೆಳಿಗ್ಗೆ ನುಂಗುತ್ತಿದ್ದದ್ದು 350 ಪಫ್‌ಗೆ ಸಮ. ಇನ್‌ಹೇಲರ್ ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು. ಉಸಿರು ಕಟ್ಟಿದ ಮಗುವಿಗೆ ಅದು ದೊಡ್ಡ ಬೆಲೆಯಾ ಎಂದು ಕೇಳಿದೆ. ಡಾಕ್ಟರ ಹತ್ತಿರ ಕೇಳುತ್ತೇವೆ ಎಂದಳು. ಇನ್ನೊಂದು ಕಡೆ, ಯಾರೂ ಹೆದರದ ಜಾಗದಲ್ಲೂ ಅದು ಇರುತ್ತದೆ. ಅದೇ ಮೂಡುಬಿದಿರೆಯ ಸಂಬಂಧಿಕರ ಮನೆಯಲ್ಲಿ ಕಳೆದ ವರ್ಷ ಒಂದು ಹಸುಗೂಸಿನ ತೊಡೆಸಂಧಿಯ ಕೆಂಪಿಗೆ ದಿನಾ ಎರಡು ಸಲ ಕ್ರೀಮ್ ಹಚ್ಚುತ್ತಿದ್ದರು. ಟ್ಯೂಬ್ ತಿರುಗಿಸಿ ನೋಡಿದರೆ ಕ್ಲೊಬೆಟಾಸಾಲ್, ಹಚ್ಚುವ ಸ್ಟಿರಾಯ್ಡುಗಳಲ್ಲೇ ಬಹಳ ಜೋರಿನದ್ದು. ಚೀಟಿ ಇಲ್ಲದೆ ತಂದದ್ದು. ಎಳೆ ಚರ್ಮದ ಮೂಲಕ ಅದು ಒಳಗೆ ಹೋಗಿ ಮಾತ್ರೆಯ ಕೆಲಸವನ್ನೇ ಮಾಡುತ್ತದೆ. ಮಗುವಿನ ಕೆನ್ನೆ ತುಂಬಿ ಬಂದದ್ದನ್ನು ಎಲ್ಲರೂ ಚಂದ ಅಂದಿದ್ದರು. ಥಟ್ಟನೆ ನಿಲ್ಲಿಸಬೇಡಿ, ಟ್ಯೂಬ್ ಹಿಡಿದುಕೊಂಡು ಇವತ್ತೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಎಂದೆ. ಹಿಂದೆ ವೀಡಿಯೋ ತೋರಿಸಿದವರೇ ನನ್ನ ಜೊತೆ ಹೊರಟರು.

ತಮ್ಮ ಈಗ ಏಳನೇ ಕ್ಲಾಸು. ಮಾತ್ರೆ ನಿಂತು ಮೂರು ವರ್ಷ ಆಯಿತು. ಮುಖ ಯಾವತ್ತೋ ಇಳಿದಿದೆ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಪ್ರತಿ ಪೆರ್ನಾಳಿಗೆ ಅವನನ್ನು ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತೇನೆ. ಆರು, ಏಳು, ಎಂಟನೇ ವರ್ಷದ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿವೆ, ಬೆರಳು ಇಡಲು ಜಾಗವಿಲ್ಲ. ಆಮೇಲಿನವು ಬಿಡಿಬಿಡಿಯಾಗಿವೆ. ಈ ಸಲ ಗೆರೆ ಹಾಕುವಾಗ ಅವನು ಹಿಮ್ಮಡಿ ಎತ್ತಿದ. ಕೆಳಗಿಳಿ ಎಂದೆ. "ನೀನು ತೋಡಿಗೆ ಹಾಕಿದ್ದು ಒಂಬತ್ತು ದಿನದ್ದು, ನನಗೆ ಒಂಬತ್ತು ಮಿಲಿಮೀಟರ್ ಹೆಚ್ಚಿಗೆ ಹಾಕು" ಎಂದ. ಒಲೆಯ ಹತ್ತಿರ ಇದ್ದ ಉಮ್ಮ ನಕ್ಕರು. ಆ ವಿಷಯಕ್ಕೆ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.