ಹೊಂದದ ಅಂಕೆ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತರಾದ ನಮಗೆ, ನಮ್ಮ ಪಾಠದಲ್ಲಿದ್ದ ಕೊರತೆಯನ್ನು ತೋರಿಸಿಕೊಟ್ಟವರು ಪಂಡಿತರಲ್ಲ. ಔಷಧಿ ತಯಾರಿಸುವ ಒಂದು ಕಾರ್ಖಾನೆಯ ಅಧಿಕಾರಿಗಳು. ಹೇಳಿಕೊಳ್ಳಲು ಸಂಕೋಚವಾದರೂ, ಮನೆಯಲ್ಲಿ ಓದುವ ಮಕ್ಕಳಿರುವ ವಾಚಕರಿಗೆ ಪ್ರಯೋಜನವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ತಮ್ಮನ ಮಗನು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಪದವಿಯನ್ನು ಮೊದಲನೆಯ ದರ್ಜೆಯಲ್ಲಿ ಪಡೆದವನು. ಬಾಲ್ಯದಲ್ಲಿ ಪ್ರತಿದಿನ ಬೆಳಗ್ಗೆ ನಮ್ಮೆದುರು ಕುಳಿತು ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನು. ಆ ಕಾರ್ಖಾನೆಯ ಪ್ರಯೋಗಶಾಲೆಯ ಕೆಲಸಕ್ಕಾಗಿ ಅವನು ಸಂದರ್ಶನಕ್ಕೆ ಹೋದನು. ಅಧಿಕಾರಿಗಳು ಸೂತ್ರಗಳಲ್ಲಿ ಒಂದನ್ನೂ ಕೇಳದೆ, ಒಂದು ಕಾಗದವನ್ನು ಮುಂದಿಟ್ಟರು. ಒಂದೇ ಬ್ಯಾಚಿನ ಮಾತ್ರೆಗಳನ್ನು ಆರು ಸಲ ಪರೀಕ್ಷಿಸಿದ ಫಲಿತಾಂಶಗಳು ಅದರಲ್ಲಿದ್ದುವು. ಐದು ಅಂಕೆಗಳು 99ರ ಆಸುಪಾಸಿನಲ್ಲಿದ್ದುವು, ಆರನೆಯದು 91.

“ಇದನ್ನು ಏನು ಮಾಡುವಿರಿ?” ಎಂದು ಕೇಳಿದರು.

“ಬಿಟ್ಟುಬಿಡುತ್ತೇನೆ, ಸಾರ್.”

“ಏಕೆ?”

ಹುಡುಗನಿಗೆ ಉತ್ತರ ತೋಚಲಿಲ್ಲ. ಕಾಲೇಜಿನಲ್ಲಿ ಬರಬೇಕಾದ ಉತ್ತರವು ಮೊದಲೇ ತಿಳಿದಿರುತ್ತಿತ್ತು. ಹೊಂದದ ಅಂಕೆಯನ್ನು ತಿದ್ದಿ ಬರೆಯುವುದೇ ಅಲ್ಲಿನ ವಾಡಿಕೆಯಾಗಿತ್ತು.

“ದೋಷವು ನಿಮ್ಮ ಕೈಯದೋ, ಉಪಕರಣದ್ದೋ, ಮಾತ್ರೆಯದ್ದೋ? ಅದನ್ನು ಗೊತ್ತುಮಾಡದೆ ಬಿಟ್ಟರೆ ಆ ಮಾತ್ರೆ ರೋಗಿಯ ಬಾಯಿಗೆ ಹೋಗುತ್ತದೆ” ಎಂದು ಹೇಳಿ ಅವನನ್ನು ಕಳುಹಿಸಿಕೊಟ್ಟರು.

ಅವರ ಮಾತು ಕೇವಲ ಕಟ್ಟುನಿಟ್ಟಿನದಲ್ಲ. ಬೇಕಾದ ಉತ್ತರ ಬರುವವರೆಗೂ ಮತ್ತೆ ಮತ್ತೆ ಪರೀಕ್ಷಿಸಿ, ಬೇಡವಾದುದನ್ನು ಕೈಬಿಡುವುದು ಸಲ್ಲದೆಂದು 1993ರಲ್ಲಿ ಅಮೆರಿಕದ ಒಂದು ನ್ಯಾಯಾಲಯವು ತೀರ್ಮಾನಿಸಿತು. ಅಲ್ಲಿಗೆ ಔಷಧಿ ಕಳುಹಿಸುವ ನಮ್ಮ ಕಾರ್ಖಾನೆಗಳಿಗೂ ಇದು ಲಕ್ಷ್ಯದಲ್ಲಿಡತಕ್ಕ ವಿಷಯ. ಔಷಧಿಯ ಮಾತಿರಲಿ, ವಿಶ್ವ ಆರ್ಥಿಕ ವೇದಿಕೆಯ 2025ರ ವರದಿಯಲ್ಲಿ ಹತ್ತಕ್ಕೆ ಏಳು ಸಂಸ್ಥೆಗಳು ವಿಶ್ಲೇಷಣಬುದ್ಧಿಯನ್ನು ಅತ್ಯಾವಶ್ಯಕವೆಂದು ಎಣಿಸಿವೆ.

ಅಂದು ರಾತ್ರಿ ಹುಡುಗನು ಊಟ ಮಾಡದೆ ಕುಳಿತಿದ್ದನು. ಸಮಾಧಾನಪಡಿಸಬೇಕೆಂದು ನಾವು, “ಹೇತ್ವಾಭಾಸಗಳು ಎಷ್ಟಪ್ಪ?” ಎಂದೆವು. ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ ಎಂದು ಐದನ್ನೂ ತಡವರಿಸದೆ ಒಪ್ಪಿಸಿದನು. ಆಮೇಲೆ ಮೆಲ್ಲನೆ ಕೇಳಿದನು: “ದೊಡ್ಡಪ್ಪ, ಇವುಗಳಲ್ಲಿ ಒಂದನ್ನಾದರೂ ನಾವು ಪುಸ್ತಕದ ಹೊರಗೆ ಹುಡುಕಿದ್ದೆವೇ?”

ಹುಡುಕಿರಲಿಲ್ಲ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ನೂರು ಸಲ ಹೇಳಿಕೊಟ್ಟಿದ್ದೆವು. ಕಾಣುತ್ತಿರುವುದು ಹೊಗೆಯೋ ಮಂಜೋ ಎಂದು ನೋಡಲು ಮಕ್ಕಳನ್ನು ಒಂದು ದಿನವೂ ಹೊರಗೆ ಕರೆದೊಯ್ಯಲಿಲ್ಲ. ತರಗತಿಯಲ್ಲಿ ಎದ್ದುನಿಂತು ‘ಏಕೆ’ ಎಂದವನಿಗೆ, ‘ಪುಸ್ತಕದಲ್ಲಿದೆ, ಕುಳಿತುಕೋ’ ಎಂದ ಬಾಯಿಯೂ ನಮ್ಮದೇ.

ಕೆಲವು ತಿಂಗಳ ಮೇಲೆ ಹುಡುಗನಿಗೆ ಬೇರೊಂದು ಕಡೆ ಕೆಲಸ ದೊರೆಯಿತು. ಅಲ್ಲಿಯೂ ಒಂದು ಅಂಕೆ ಹೊಂದಲಿಲ್ಲ. ಈ ಸಲ ಅವನು ಅದನ್ನು ಇದ್ದಂತೆಯೇ ಬರೆದು ಮೇಲಿನವರಿಗೆ ತಿಳಿಸಿದನು. ಸರಕಿನ ರವಾನೆ ಎರಡು ದಿನ ನಿಂತಿತು. ವಿಚಾರಿಸಲಾಗಿ, ತೊಳೆದ ನೀರು ಒಂದು ಗಾಜಿನ ಪಾತ್ರೆಯಲ್ಲಿ ಉಳಿದು ದ್ರಾವಣವು ತೆಳುವಾಗಿದ್ದಿತು; ಮಾತ್ರೆಗಳು ನಿರ್ದೋಷವಾಗಿದ್ದುವು. “ಹೊಸಬನಿಗೆ ಇಷ್ಟು ಸಂದೇಹವೇಕೆ?” ಎಂದು ಮೇಲಿನವರು ಗೊಣಗಿದರಂತೆ.

“ನಾನು ಮಾಡಿದ್ದು ತಪ್ಪೇ, ದೊಡ್ಡಪ್ಪ?” ಎಂದು ಕೇಳಿದನು.

“ತಪ್ಪಲ್ಲ. ಮಾತ್ರೆ ಒಳ್ಳೆಯದೆಂದು ಮೊನ್ನೆ ನೀವು ನಂಬಿದ್ದಿರಿ, ಈಗ ಬಲ್ಲಿರಿ” ಎಂದೆವು.

ಯಜಮಾನರಿಗೂ ನಮ್ಮದೊಂದು ವಿಜ್ಞಾಪನೆಯಿದೆ. ಸಂದರ್ಶನದ ದಿನ ವಿವೇಚನೆಯನ್ನು ಬೇಡುವವರು, ಸರಕು ಸಾಗಿಸುವ ದಿನ ವಿಧೇಯತೆಯನ್ನಷ್ಟೇ ಬಯಸಿದರೆ, ಹುಡುಗರು ಕಲಿಯುವುದು ಎರಡನೆಯದನ್ನೇ.

ಈಗಲೂ ನೆರೆಮನೆಯ ಇಬ್ಬರು ಮಕ್ಕಳು ಬೆಳಗ್ಗೆ ನಮ್ಮಲ್ಲಿಗೆ ಪಾಠಕ್ಕೆ ಬರುತ್ತಾರೆ. ಮೊದಲು ಜಗಲಿಗೆ ಕರೆದೊಯ್ದು, ದೂರದಲ್ಲಿ ಕಾಣುವುದು ಹೊಗೆಯೋ ಮಂಜೋ ಎಂದು ಕೇಳುತ್ತೇವೆ. ಹೇಗೆ ತಿಳಿಯಿತೆಂದು ಅವರು ಹೇಳಿದ ಮೇಲೆಯೇ ಪುಸ್ತಕವನ್ನು ತೆರೆಯುತ್ತೇವೆ.