ಸೀಮೆಸುಣ್ಣದ ಗೆರೆ

ಹನ್ನೊಂದು ವರ್ಷ ನಾನು ಮಕ್ಕಳಿಗೆ ತಪ್ಪು ಪಾಠ ಹೇಳಿದ್ದೇನೆ. ತುಮಕೂರು ಜಿಲ್ಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಬೋರ್ಡಿನ ಮೇಲೆ ಕೋಳಿಮೊಟ್ಟೆಯಂಥ ಕಕ್ಷೆ ಬರೆದು, ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎನ್ನುತ್ತಿದ್ದೆ. ಒಲೆಯ ಮುಂದೆ ಕೂತರೆ ಬಿಸಿ, ಹಿಂದೆ ಸರಿದರೆ ತಂಪು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಡಿಸೆಂಬರಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್ ಮ್ಯಾಚ್ ಆಡ್ತಾರಲ್ಲ, ಆಗ ಅಲ್ಲಿ ಬೇಸಿಗೆಯಂತೆ. ಇಲ್ಲಿ ಚಳಿ. ಭೂಮಿ ಒಂದೇ ಅಲ್ವಾ ಸಾರ್?”

ನನ್ನ ಹತ್ತಿರ ಉತ್ತರವಿರಲಿಲ್ಲ. “ಕ್ರಿಕೆಟ್ ಬಿಟ್ಟು ಪಾಠ ನೋಡು, ಕೂತ್ಕೊ” ಎಂದೆ. ಕ್ಲಾಸೆಲ್ಲ ನಕ್ಕಿತು. ಆ ವರ್ಷ ಅವನು ಮತ್ತೆ ಕೈ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ಜನವರಿಯ ಮೊದಲ ವಾರ, ಶಾಲು ಹೊದ್ದು ಪೇಪರ್ ಓದುತ್ತಿದ್ದೆ. ಭೂಮಿ ಈಗ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರದಲ್ಲಿದೆ ಎಂಬ ಸಣ್ಣ ಸುದ್ದಿ. ಎರಡು ಸಲ ಓದಿದೆ. ಹತ್ತಿರವೆಂದರೆ 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ ದೂರವಾದಾಗ 15.2 ಕೋಟಿ. ನಾನು ಬರೆಯುತ್ತಿದ್ದ ಮೊಟ್ಟೆಯೇ ಸುಳ್ಳಾಗಿತ್ತು. ಒಂದು ಮೀಟರ್ ಉದ್ದದ ಕಕ್ಷೆ ಬರೆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಮಿಲಿಮೀಟರಿನ ಏಳನೇ ಒಂದು ಪಾಲು. ಸೀಮೆಸುಣ್ಣದ ಗೆರೆಯೇ ಅದಕ್ಕಿಂತ ದಪ್ಪ.

ಋತುಗಳಿಗೆ ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದು. ಉತ್ತರಾರ್ಧ ಸೂರ್ಯನ ಕಡೆ ಬಾಗಿದಾಗ ದಕ್ಷಿಣಾರ್ಧ ಆಚೆ ಬಾಗಿರುತ್ತದೆ. ಹುಡುಗ ಕೇಳಿದ್ದು ಇದನ್ನೇ. ಪುಸ್ತಕದಲ್ಲಿ ಇದು ಇತ್ತು, ಪರೀಕ್ಷೆಗೆಂದು ನಾನೇ ನೋಟ್ಸ್ ಬರೆಸಿದ್ದೆ. ನಂಬಿದ್ದು ಮಾತ್ರ ಒಲೆಯನ್ನು.

ನಮ್ಮ ಸೀಮೆಯ ಆಕಾಶವನ್ನಾದರೂ ನೋಡಬಹುದಿತ್ತು. ಬೆಂಗಳೂರಿನ ನೆತ್ತಿಗೆ ಸೂರ್ಯ ವರ್ಷಕ್ಕೆ ಎರಡು ಸಲ ಬರುತ್ತಾನೆ: ಏಪ್ರಿಲ್ 24ರ ಸುಮಾರಿಗೆ, ಆಗಸ್ಟ್ 18ರ ಸುಮಾರಿಗೆ. ಮೊದಲ ಸಲ ಬಿಸಿಲು ಸುಡುತ್ತದೆ. ಎರಡನೇ ಸಲ ಮುಂಗಾರಿನ ಮೋಡ ಅಡ್ಡ ನಿಲ್ಲುತ್ತದೆ.

ಪಾಠವನ್ನು ಮುಂದಿನ ಮಕ್ಕಳಿಗೆ ತಿದ್ದಿ ಹೇಳಿದೆ. ಆ ಹುಡುಗನಿಗೆ ಹೇಳಲಾಗಲಿಲ್ಲ. ಅವನು ಶಾಲೆ ಮುಗಿಸಿ ಹೋಗಿದ್ದ. ತಿಳಿಯದೆ ಹೇಳಿದ್ದಕ್ಕಿಂತ, ತಿಳಿಯದು ಎನ್ನಲಾರದೆ ಅವನನ್ನು ಕೂರಿಸಿದ್ದು ದೊಡ್ಡ ತಪ್ಪು.

ಬೆಂಗಳೂರಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಏಪ್ರಿಲ್ 24ರಂದು ಶಾಲೆಗೆ ರಜೆ ಇದ್ದರೂ ಸರಿ, ಬೀದಿಯ ನಾಲ್ಕು ಮಕ್ಕಳನ್ನು ಕರೆದು, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಅಂಗಳದಲ್ಲೊಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಕಾಣುವುದಿಲ್ಲ. ಯಾಕೆ ಸಾರ್ ಎಂದು ಯಾರಾದರೂ ಕೇಳಿದರೆ, ದಯವಿಟ್ಟು ಅವರನ್ನು ಕೂರಿಸಬೇಡಿ.