ಅರಿವೆಯ ರೆಕ್ಕೆ

ನಿವೃತ್ತಿಗೆ ಎರಡು ವರ್ಷ ಮೊದಲು ಬನಹಟ್ಟಿಯ ಮಕ್ಕಳನ್ನು ಬೆಂಗಳೂರು ಪ್ರವಾಸಕ್ಕೆ ಕರೆದೊಯ್ದಿದ್ದೆ. ಅಂದು ಜೊತೆಗಿದ್ದವರು ಇದನ್ನು ಓದುತ್ತಿದ್ದರೆ ನೆನಪಾದೀತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯಿದೆ. ಅದರ ಮುಂದೆ ನಿಂತು, “ಮೂಲ ವಿಮಾನದ ರೆಕ್ಕೆ ಲೋಹದ್ದಲ್ಲ, ಮರದ ಚೌಕಟ್ಟಿಗೆ ಹೊದಿಸಿದ ಹತ್ತಿಯ ಬಟ್ಟೆ” ಎಂದೆ.

ನೇಕಾರರ ಮನೆಯ ಹುಡುಗನೊಬ್ಬ ಕೇಳಿದ: “ಸರ್, ಅರಿವಿ ನೂರು ವರ್ಷ ಹೆಂಗ ಉಳದೀತ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೆ ಓದಿ ತಿಳಿದೆ. 1903ರ ಡಿಸೆಂಬರ್ 17ರಂದು ಆ ವಿಮಾನ ನಾಲ್ಕು ಬಾರಿ ಹಾರಿತು. ಮೊದಲ ಹಾರಾಟ ಕೇವಲ 12 ಸೆಕೆಂಡು, 120 ಅಡಿ. ಅದೇ ದಿನ ಬಿರುಗಾಳಿ ಅದನ್ನು ಉರುಳಿಸಿತು. ಮತ್ತೆಂದೂ ಅದು ಹಾರಲಿಲ್ಲ. ಪೆಟ್ಟಿಗೆಗಳಲ್ಲಿದ್ದ ಅದರ ಭಾಗಗಳು 1913ರ ಡೇಟನ್ ಪ್ರವಾಹದಲ್ಲಿ ಕೆಸರು ನೀರಿನಡಿ ಮುಳುಗಿದ್ದವು. ರೆಕ್ಕೆಗೆ 1927ರಲ್ಲಿ ಹೊಸ ಬಟ್ಟೆ ಹೊದಿಸಿದರು, 1985ರಲ್ಲಿ ಮತ್ತೊಮ್ಮೆ. ಆದರೆ 1903ರ ಬಟ್ಟೆಯ ತುಂಡುಗಳನ್ನು ಎಸೆಯಲಿಲ್ಲ. ಅದರ ಒಂದು ಚೂರು 1969ರಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ಚಂದ್ರನಿಗೆ ಹೋಗಿ ಬಂತು. ಇನ್ನೊಂದು 2021ರಲ್ಲಿ ಮಂಗಳನಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರಿನಲ್ಲಿತ್ತು. ಎಳೆಗಳು ಚೌಕಟ್ಟಿಗೆ ಓರೆಯಾಗಿ ಬರುವಂತೆ ಆ ಬಟ್ಟೆಯನ್ನು ಹೊದಿಸಿದ್ದರಂತೆ. ಹಾಗೆ ಮಾಡಿದರೆ ಹಾಸು ಹೊಕ್ಕುಗಳೇ ರೆಕ್ಕೆಗೆ ಬಿಗಿ ಕೊಡುತ್ತವೆ. ನನ್ನ ತಂದೆಯವರಿದ್ದಿದ್ದರೆ ಇದನ್ನು ಕೇಳಿ ತಲೆದೂಗುತ್ತಿದ್ದರು.

ಓದಿ ಮುಗಿಸಿದಾಗ ಮನಸ್ಸು ಭಾರವಾಯಿತು. ತಂದೆಯವರು ತೀರಿದ ವರ್ಷ ಅವರ ಕುಣಿಮಗ್ಗವನ್ನು ಕಿತ್ತು ಸೌದೆಗೆ ಕೊಟ್ಟವನು ನಾನೇ. ಪಾವರ್‌ಲೂಮಿಗೆ ಜಾಗ ಬೇಕಾಗಿತ್ತು. ನಾಲ್ಕು ಮಕ್ಕಳ ಅನ್ನ, ನನ್ನ ಓದು, ಎಲ್ಲವೂ ಆ ಕುಣಿಯಿಂದಲೇ ಬಂದವು. ತಾಯಿ ಒಂದು ಲಾಳಿಯನ್ನು ಮಾತ್ರ ನನಗೆ ಹೇಳದೆ ದೇವರ ಮಾಡಿನಲ್ಲಿ ಇಟ್ಟುಕೊಂಡಿದ್ದರು. ನಮ್ಮಲ್ಲಿ ಉಳಿದಿರುವುದು ಅದೊಂದೇ.

ಮೊದಲ ಸಲ ಹನ್ನೆರಡೇ ಸೆಕೆಂಡು ಹಾರಿದ ಬಟ್ಟೆಯನ್ನು ನೂರು ವರ್ಷ ಕಾಯ್ದವರಿದ್ದಾರೆ. ನಾನು ನಲವತ್ತು ವರ್ಷ ದುಡಿದ ಮಗ್ಗವನ್ನು ಒಂದು ದಿನವೂ ಕಾಯಲಿಲ್ಲ.

ರಬಕವಿ, ಬನಹಟ್ಟಿಯ ನನ್ನ ವಿದ್ಯಾರ್ಥಿಗಳೇ, ಅಟ್ಟದ ಮೇಲೆ ಹಳೆಯ ಲಾಳಿ, ಹಣಿಗೆ, ಅಜ್ಜಿ ಉಟ್ಟ ಸೀರೆ ಇದ್ದರೆ ಎಸೆಯಬೇಡಿ. ಬಿಸಿಲು, ತೇವ ತಾಗದಂತೆ ಇಡಿ. ಯಾರದು, ಯಾವ ಕಾಲದ್ದು ಎಂದು ಒಂದು ಚೀಟಿ ಬರೆದಿಡಿ. ಆ ಹುಡುಗನ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟೇ: ಅರಿವೆ ತಾನಾಗಿ ಉಳಿಯುವುದಿಲ್ಲ, ಯಾರಾದರೂ ಉಳಿಸಬೇಕು.